ತಾನಾಗಿಯೇ ಬದಲಾಗುವ ಸೆಲ್

ಷೇರುಗಳ ಪಟ್ಟಿಯಿರುವ ಸ್ಪ್ರೆಡ್‌ಶೀಟ್ ತೆರೆದು ಸುಮ್ಮನೆ ನೋಡುತ್ತ ಕೂತರೆ ಒಂದು ಸಣ್ಣ ಪವಾಡ ಕಾಣುತ್ತದೆ. ಯಾರೂ ಕೀಲಿ ಮುಟ್ಟಿರುವುದಿಲ್ಲ, ಆದರೂ ಒಂದು ಸೆಲ್‌ನ ಅಂಕಿ ಬದಲಾಗುತ್ತದೆ. ಅದರ ಬೆನ್ನಿಗೇ ಪಕ್ಕದ ಕಾಲಂ, ಕೆಳಗಿನ ಮೊತ್ತ, ಮೂಲೆಯಲ್ಲಿರುವ ಶೇಕಡಾ ಲಾಭ ಎಲ್ಲವೂ ಬದಲಾಗುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಇದಕ್ಕೆ ಒಂದೇ ಸಾಲಿನ ಫಾರ್ಮುಲಾ ಸಾಕು. ಗೂಗಲ್‌ಫೈನಾನ್ಸ್ ಎಂಬ ಫಂಕ್ಷನ್‌ಗೆ ಷೇರು ವಿನಿಮಯ ಕೇಂದ್ರದ ಹೆಸರನ್ನೂ ಷೇರಿನ ಸಂಕೇತವನ್ನೂ ಕೊಟ್ಟರೆ ಬೆಲೆ ತಾನಾಗಿ ಬಂದು ಕೂರುತ್ತದೆ. ಎಕ್ಸೆಲ್‌ನಲ್ಲಿ ಇದೇ ಕೆಲಸಕ್ಕೆ ಸ್ಟಾಕ್ಸ್ ಎಂಬ ಡೇಟಾ ಟೈಪ್ ಇದೆ.

ಹಾಗೆ ಬಂದು ಕೂತದ್ದು ಏನು? ಎಲ್ಲೋ ಇಬ್ಬರು ಅಪರಿಚಿತರು ಕೊನೆಯ ಸಲ ಯಾವ ದರಕ್ಕೆ ಕೊಟ್ಟು ಕೊಂಡರು ಎಂಬ ವರದಿ, ಅಷ್ಟೇ. ಅವರ ನಡುವೆ ಕೈ ಬದಲಾದದ್ದು ಹತ್ತೇ ಷೇರು ಇರಬಹುದು. ನಿಮ್ಮ ಶೀಟ್ ಮಾತ್ರ ಅದೇ ದರವನ್ನು ನಿಮ್ಮಲ್ಲಿರುವ ಸಾವಿರ ಷೇರಿಗೂ ಗುಣಿಸಿ, ಪೂರ್ತಿ ವಿಶ್ವಾಸದಿಂದ ಮೊತ್ತ ತೋರಿಸುತ್ತದೆ. ಹೆಚ್ಚು ವಹಿವಾಟಿಲ್ಲದ ಷೇರಾದರೆ, ಆ ದರಕ್ಕೆ ಕೊಳ್ಳುವವರು ಮೊದಲ ನೂರಕ್ಕೇ ಮುಗಿದುಹೋಗಬಹುದು. ಸಾಲದ್ದಕ್ಕೆ, ಈ ಬೆಲೆ 20 ನಿಮಿಷದವರೆಗೆ ಹಳೆಯದಾಗಿರಬಹುದು ಎಂದು ಗೂಗಲ್ ತಾನೇ ಹೇಳಿಕೊಂಡಿದೆ. ಎಷ್ಟು ತಡ ಎಂದು ಕೇಳಲು ಅದೇ ಫಂಕ್ಷನ್‌ನಲ್ಲಿ ಡೇಟಾಡಿಲೇ ಎಂಬ ಆಯ್ಕೆಯಿದೆ; ಅದನ್ನು ಬಳಸುವವರು ನನಗೆ ಸಿಕ್ಕಿದ್ದು ಕಡಿಮೆ.

ದೂರದ ಬೆಲೆ ತಾನಾಗಿ ಬಂದು ಬೀಳುವುದು ಹೊಸ ಬೆರಗೇನಲ್ಲ. 1867ರಲ್ಲಿ ನ್ಯೂಯಾರ್ಕ್‌ನಲ್ಲಿ ಎಡ್ವರ್ಡ್ ಕಲಹಾನ್ ರೂಪಿಸಿದ ಯಂತ್ರ ತಂತಿಯಲ್ಲಿ ಬಂದ ದರಗಳನ್ನು ಕಾಗದದ ಪಟ್ಟಿಯ ಮೇಲೆ ಟಿಕ್ ಟಿಕ್ ಎಂದು ಅಚ್ಚೊತ್ತುತ್ತಿತ್ತು. ಟಿಕರ್ ಎಂಬ ಹೆಸರು ಆ ಸದ್ದಿನಿಂದ ಬಂದದ್ದು. ನಾವು ಇವತ್ತಿಗೂ ಫಾರ್ಮುಲಾದಲ್ಲಿ ಬರೆಯುವ ಕೆಲವೇ ಅಕ್ಷರದ ಸಂಕೇತಗಳು ಆ ಕಾಗದದ ಪಟ್ಟಿಯ ಮೊಮ್ಮಕ್ಕಳು.

ಹೊಸದೇನಿದ್ದರೂ ಬೆಲೆ ಬಂದ ಮೇಲೆ ಆಗುವ ಅಲುಗಾಟ. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ತಂದ ವಿಸಿಕ್ಯಾಲ್ಕ್ ಎಂಬ ಮೊದಮೊದಲ ಸ್ಪ್ರೆಡ್‌ಶೀಟ್ ತಂತ್ರಾಂಶ ಸೆಲ್‌ಗಳನ್ನು ಸಾಲಿನ ಪ್ರಕಾರವೋ ಕಾಲಂ ಪ್ರಕಾರವೋ ಒಂದಾದ ಮೇಲೊಂದರಂತೆ ಲೆಕ್ಕ ಹಾಕುತ್ತಿತ್ತು. ಮುಂದೆ ಬರುವ ಸೆಲ್ ಒಂದನ್ನು ಹಿಂದಿನದು ನೆಚ್ಚಿಕೊಂಡಿದ್ದರೆ ಉತ್ತರ ತಪ್ಪಾಗಿ, ಮತ್ತೊಮ್ಮೆ ಲೆಕ್ಕ ಹಾಕಿಸಬೇಕಾಗುತ್ತಿತ್ತು. ಇಂದಿನ ಶೀಟ್ ಹಾಗಲ್ಲ, ಯಾವ ಸೆಲ್ ಯಾವುದರ ಮೇಲೆ ನಿಂತಿದೆ ಎಂಬ ವಂಶವೃಕ್ಷವನ್ನೇ ಇಟ್ಟುಕೊಂಡಿರುತ್ತದೆ. ಬೆಲೆ ಬದಲಾದೊಡನೆ ಅದರ ಮಕ್ಕಳು, ಮೊಮ್ಮಕ್ಕಳಿಗೆಲ್ಲ ಮೈಲಿಗೆಯಾಯಿತು ಎಂದು ಗುರುತು ಹಾಕಿಕೊಂಡು, ಹಿರಿಯರಿಂದ ಕಿರಿಯರ ಕಡೆಗೆ ಅಷ್ಟನ್ನೇ ಮತ್ತೆ ಲೆಕ್ಕ ಹಾಕುತ್ತದೆ. ಒಂದು ಸೆಲ್ ಸುತ್ತಿ ಬಳಸಿ ತನಗೆ ತಾನೇ ಅಜ್ಜನಾದರೆ ಕಾಣಿಸುವುದೇ ಸರ್ಕ್ಯುಲರ್ ರೆಫರೆನ್ಸ್ ಎಂಬ ದೂರು.

ಇಷ್ಟೆಲ್ಲ ಆದರೂ ಬೆಲೆ ತರುವುದು ಸುಲಭದ ಅರ್ಧ. ಕಷ್ಟದ ಅರ್ಧವಿರುವುದು ನೀವು ಕೈಯಾರೆ ಬರೆಯುವ, ತಾನಾಗಿ ಎಂದೂ ಬದಲಾಗದ ಸಾಲುಗಳಲ್ಲಿ: ಯಾವ ದಿನ, ಎಷ್ಟು ಷೇರು, ಯಾವ ದರ. 2020ರ ಆಗಸ್ಟ್ 31ರಂದು ಆ್ಯಪಲ್‌ ಕಂಪನಿ ತನ್ನ ಒಂದೊಂದು ಷೇರನ್ನೂ ನಾಲ್ಕಾಗಿ ಒಡೆಯಿತು. ಹಿಂದಿನ ವಹಿವಾಟಿನ ದಿನ ಸುಮಾರು 500 ಡಾಲರ್ ಇದ್ದ ದರ ಅದೇ ಅನುಪಾತದಲ್ಲಿ ಇಳಿಯಿತು. ಯಾರೂ ಏನೂ ಕಳೆದುಕೊಳ್ಳಲಿಲ್ಲ. ಆದರೆ ಹೊಸ ಬೆಲೆಯನ್ನು ತಾನಾಗಿ ತಂದುಕೊಂಡು, ಹಳೆಯ ಸಂಖ್ಯೆಯನ್ನೇ ಇಟ್ಟುಕೊಂಡ ಶೀಟ್‌ನಲ್ಲಿ ಮುಕ್ಕಾಲು ಆಸ್ತಿ ರಾತ್ರೋರಾತ್ರಿ ಮಾಯ! ಬೆಲೆಯ ಕಾಲಂ ಸರಿಯಾಗಿಯೇ ಇತ್ತು, ಷೇರಿನ ಸಂಖ್ಯೆ ಹಳತಾಗಿತ್ತು.

ತಾರೀಖಿನ ಮಹತ್ವ ಇನ್ನೂ ದೊಡ್ಡದು. ಜನವರಿ 1ಕ್ಕೆ 1,000 ಹಾಕಿದಿರಿ, ಡಿಸೆಂಬರ್ 1ಕ್ಕೆ ಇನ್ನೂ 9,000. ವರ್ಷ ಮುಗಿದಾಗ ಒಟ್ಟು 10,500 ಇದೆ. ಹಾಕಿದ್ದು 10,000, ಬಂದದ್ದು 500, ಅಂದರೆ ಶೇ 5 ಎಂದು ಸಾಮಾನ್ಯ ಶೀಟ್ ಹೇಳುತ್ತದೆ. ಆದರೆ ಆ 9,000 ದುಡಿದದ್ದು ಒಂದೇ ತಿಂಗಳು. ತಾರೀಖುಗಳನ್ನು ಗಣನೆಗೆ ತೆಗೆದುಕೊಳ್ಳುವ ಎಕ್ಸ್‌ಐಆರ್‌ಆರ್ ಫಂಕ್ಷನ್ ಕೊಡುವ ಉತ್ತರ ವರ್ಷಕ್ಕೆ ಸುಮಾರು ಶೇ 30. ಈ ದರವನ್ನು ನೇರವಾಗಿ ಬಿಡಿಸಿ ಹೇಳುವ ಸೂತ್ರವಿಲ್ಲ. ಎಕ್ಸೆಲ್ ಶೇ 10 ಎಂದು ಊಹೆಯಿಂದ ಶುರುಮಾಡಿ, ತಪ್ಪನ್ನು ಅಳೆದು, ಊಹೆಯನ್ನು ತಿದ್ದುತ್ತ ಹೋಗುತ್ತದೆ. ನೂರು ಸಲ ತಿದ್ದಿದರೂ ಉತ್ತರ ನಿಲುಕದಿದ್ದರೆ ಕೈ ಚೆಲ್ಲುತ್ತದೆ. ಕೆಲವು ಶೀಟ್‌ಗಳಲ್ಲಿ ಕಾಣುವ ವಿಚಿತ್ರ ದೋಷಸಂಕೇತಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಕಣ್ಣಿನ ವಿಚಾರ. ವರ್ಷಕ್ಕೆ ಸರಾಸರಿ ಶೇ 10 ಏರುವ, ಶೇ 20ರಷ್ಟು ಪ್ರಮಾಣ ವಿಚಲನೆಯಿರುವ (ಅಂದರೆ ಆ ಸರಾಸರಿಯಿಂದ ಸಾಮಾನ್ಯವಾಗಿ ಅಷ್ಟು ಆಚೀಚೆ ಸರಿಯುವ) ಹೂಡಿಕೆಯೊಂದನ್ನು ಊಹಿಸಿಕೊಳ್ಳಿ. ಏರಿಳಿತ ಗಂಟೆಯಾಕಾರದ ಹಂಚಿಕೆಯನ್ನು ಅನುಸರಿಸುತ್ತದೆ ಎಂದಿಟ್ಟುಕೊಳ್ಳೋಣ (ನಿಜವಾದ ಮಾರುಕಟ್ಟೆ ಇಷ್ಟು ಸಭ್ಯವಲ್ಲ). ದಿನಕ್ಕೊಮ್ಮೆ ನೋಡಿದರೆ ನೂರಕ್ಕೆ ಸುಮಾರು 49 ಸಲ ನಷ್ಟದ ಕೆಂಪು ಅಂಕಿ ಕಾಣುತ್ತದೆ. ತಿಂಗಳಿಗೊಮ್ಮೆಯಾದರೆ 44, ವರ್ಷಕ್ಕೊಮ್ಮೆಯಾದರೆ 31. ಶೀಟ್ ಅದೇ, ಷೇರುಗಳೂ ಅವೇ. ನಷ್ಟದ ನೋವು ಅಷ್ಟೇ ಲಾಭದ ಖುಷಿಗಿಂತ ಸುಮಾರು ಎರಡು ಪಟ್ಟು ಎಂಬುದನ್ನು ಇದಕ್ಕೆ ಸೇರಿಸಿ 1995ರಲ್ಲಿ ಅರ್ಥಶಾಸ್ತ್ರಜ್ಞರಾದ ಶ್ಲೋಮೊ ಬೆನಾರ್ಟ್ಜಿ ಮತ್ತು ರಿಚರ್ಡ್ ಥೇಲರ್ ಒಂದು ವಾದ ಮಂಡಿಸಿದರು: ಅಡಿಗಡಿಗೆ ಇಣುಕುವವನಿಗೆ ಷೇರುಗಳು ಹೆಚ್ಚು ಭಯಾನಕವಾಗಿ ಕಾಣುತ್ತವೆ.

ನನ್ನ ಶೀಟ್‌ನಲ್ಲಿ ಈಗ ಬೆಲೆಗಳು ಮೂರನೆಯ ಟ್ಯಾಬ್‌ಗೆ ಹೋಗಿವೆ. ಫೈಲ್ ತೆರೆದರೆ ಮೊದಲು ಕಾಣುವುದು ಕೊಂಡ ತಾರೀಖು, ಸಂಖ್ಯೆ, ದರಗಳ ಮಿಸುಕದ ಪಟ್ಟಿ. ಆಗೊಮ್ಮೆ ಈಗೊಮ್ಮೆ ಬೆರಳು ಮೂರನೆಯದರತ್ತ ಜಾರುವುದುಂಟು.