ಪ್ರೈಮರಿಯೂ ಚುನಾವಣೆಯೇ? ಅಮೆರಿಕದ ಸುಪ್ರೀಂ ಕೋರ್ಟ್ ಇಪ್ಪತ್ತು ವರ್ಷ ತಡವಾಗಿ ಕೊಟ್ಟ ಉತ್ತರ

ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ 1940ರ ಸೆಪ್ಟೆಂಬರ್ 10ರಂದು ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ, ನಡೆಯಿತು. ಮತ ಎಣಿಸಲು ಕೂತ ಅಧಿಕಾರಿಗಳೇ ಒಬ್ಬ ಅಭ್ಯರ್ಥಿಗೆ ಬಿದ್ದಿದ್ದ 83 ಮತಪತ್ರಗಳನ್ನೂ ಇನ್ನೊಬ್ಬನಿಗೆ ಬಿದ್ದಿದ್ದ 14 ಮತಪತ್ರಗಳನ್ನೂ ತಿದ್ದಿ ಮೂರನೆಯವನ ಲೆಕ್ಕಕ್ಕೆ ಸೇರಿಸಿದರೆಂಬ ಆರೋಪ ಬಂತು. ಒಟ್ಟು 97 ಮತಪತ್ರಗಳ ಈ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿದಾಗ ಎದುರಾದ ಪ್ರಶ್ನೆ, ಅದು ಅಪರಾಧವೋ ಅಲ್ಲವೋ ಎಂಬುದಕ್ಕಿಂತ ದೊಡ್ಡದಾಗಿತ್ತು: ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ ಕೈಹಾಕಲು ಒಕ್ಕೂಟ ಸರ್ಕಾರಕ್ಕೆ ಅಧಿಕಾರವಿದೆಯೇ?

ನಮ್ಮಲ್ಲಿ ಬಿ ಫಾರಂ ಯಾರ ಕೈಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಆ ತೀರ್ಮಾನವನ್ನು ಮತದಾರರಿಗೇ ಒಪ್ಪಿಸಿದ ವ್ಯವಸ್ಥೆ ಪ್ರೈಮರಿ. ವಿಸ್ಕಾನ್ಸಿನ್ 1903ರಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟ ಬಳಿಕ ಉಳಿದ ರಾಜ್ಯಗಳೂ ಅದೇ ಹಾದಿ ಹಿಡಿದವು. ಸಂವಿಧಾನ ಬರೆದವರ ಕಾಲಕ್ಕೆ ಇಂಥ ಪದ್ಧತಿಯೇ ಇರಲಿಲ್ಲ. ಅವರು ಮೊದಲನೇ ವಿಧಿಯ 4ನೇ ಸೆಕ್ಷನ್‌ನಲ್ಲಿ, ಸೆನೆಟ್ ಮತ್ತು ಪ್ರತಿನಿಧಿ ಸಭೆಯ ಚುನಾವಣೆಗಳ ಕಾಲ, ಸ್ಥಳ, ವಿಧಾನಗಳನ್ನು ರಾಜ್ಯಗಳ ಶಾಸಕಾಂಗಗಳು ಗೊತ್ತುಪಡಿಸಬೇಕು, ಆದರೆ ರಾಷ್ಟ್ರದ ಶಾಸನಸಭೆಯಾದ ಕಾಂಗ್ರೆಸ್ ಅವನ್ನು ಯಾವಾಗ ಬೇಕಾದರೂ ಬದಲಿಸಬಹುದು ಎಂದಷ್ಟೇ ಬರೆದಿದ್ದರು. ಹೀಗಾಗಿ ಜಗಳವೆಲ್ಲ ‘ಚುನಾವಣೆ’ ಎಂಬ ಒಂದು ಪದಕ್ಕೆ ಬಂದು ನಿಂತಿತು.

ಮೊದಲ ಪೆಟ್ಟು ಬಿದ್ದದ್ದು ಹಣದ ವಿಷಯದಲ್ಲಿ. ಮಿಚಿಗನ್‌ನ 1918ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರೂಮನ್ ನ್ಯೂಬೆರಿ, ಕಾರು ತಯಾರಕ ಹೆನ್ರಿ ಫೋರ್ಡ್‌ರನ್ನು ಸೋಲಿಸಿ, ಮುಂದೆ ಸೆನೆಟ್ ಸ್ಥಾನವನ್ನೂ ಗೆದ್ದರು. ಕಾನೂನಿನ ಮಿತಿ 3,750 ಡಾಲರ್. ಖರ್ಚಾದದ್ದು ಒಂದು ಲಕ್ಷಕ್ಕೂ ಮಿಗಿಲು ಎಂಬುದು ಆರೋಪ. ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು, ಸುಪ್ರೀಂ ಕೋರ್ಟ್ 1921ರಲ್ಲಿ ಅದನ್ನು ರದ್ದುಪಡಿಸಿತು. ಪ್ರೈಮರಿ ಯಾವ ಅರ್ಥದಲ್ಲೂ ಹುದ್ದೆಯ ಚುನಾವಣೆಯಲ್ಲ ಎಂದು ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಬರೆದರು. ಆ ಮಾತನ್ನು ಪೂರ್ಣವಾಗಿ ಒಪ್ಪಿದವರು ಅವರೂ ಸೇರಿ ನಾಲ್ವರೇ. ಐದನೆಯವರಾದ ಮೆಕೆನ್ನಾ, ಸೆನೆಟರುಗಳ ನೇರ ಆಯ್ಕೆ ತಂದ 17ನೇ ತಿದ್ದುಪಡಿಗಿಂತ ಈ ಕಾನೂನು ಹಳೆಯದು ಎಂಬ ಕಾರಣದ ಮೇಲೆ ಒಪ್ಪಿಗೆ ಕೊಟ್ಟು, ತಿದ್ದುಪಡಿಯ ನಂತರದ ಅಧಿಕಾರದ ಪ್ರಶ್ನೆಯನ್ನು ಹಾಗೆಯೇ ಬಿಟ್ಟಿದ್ದರು. ಇಷ್ಟು ಸಡಿಲವಾದ ತಳಪಾಯದ ತೀರ್ಪಿಗೆ ಕಾಂಗ್ರೆಸ್ ಬೇಕಾದುದಕ್ಕಿಂತ ಹೆಚ್ಚು ಹೆದರಿತೆಂದೇ ನನ್ನ ಅನಿಸಿಕೆ. 1925ರ ಭ್ರಷ್ಟಾಚಾರ ತಡೆ ಕಾನೂನಿನಿಂದ ಅದು ಪ್ರೈಮರಿಗಳನ್ನು ಹೊರಗಿಟ್ಟಿತು.

ದಕ್ಷಿಣದ ರಾಜ್ಯಗಳಲ್ಲಿ ಇದರ ಪರಿಣಾಮ ಕ್ರೂರವಾಗಿತ್ತು. ಅಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದವನೇ ಗೆದ್ದಂತೆ. ನವೆಂಬರಿನ ಮತದಾನ ಬರೀ ಶಾಸ್ತ್ರ. ಟೆಕ್ಸಾಸ್ 1923ರಲ್ಲಿ ಆ ಪ್ರೈಮರಿಯಿಂದ ಕಪ್ಪುಜನರನ್ನು ಕಾನೂನಿನ ಮೂಲಕವೇ ಹೊರಗಿಟ್ಟಿತು. ಆ ಕಾನೂನನ್ನು ಸುಪ್ರೀಂ ಕೋರ್ಟ್ 1927ರಲ್ಲಿ ಹೊಡೆದುಹಾಕಿದಾಗ ರಾಜ್ಯವು ಅಧಿಕಾರವನ್ನು ಪಕ್ಷದ ಕಾರ್ಯಕಾರಿ ಸಮಿತಿಗೆ ದಾಟಿಸಿತು. ಅದೂ 1932ರಲ್ಲಿ ಬಿದ್ದಾಗ ಪಕ್ಷದ ಸಮ್ಮೇಳನವೇ ಬಿಳಿಯರಿಗಷ್ಟೇ ಸದಸ್ಯತ್ವ ಎಂದು ನಿರ್ಣಯಿಸಿತು. ಪಕ್ಷ ಖಾಸಗಿ ಸಂಸ್ಥೆ, ಅದರ ನಿರ್ಣಯ ರಾಜ್ಯದ ಕೃತ್ಯವಲ್ಲ ಎಂದು ಹೇಳಿ 1935ರಲ್ಲಿ ನ್ಯಾಯಾಲಯ ಒಮ್ಮತದಿಂದ ಇದನ್ನು ಎತ್ತಿಹಿಡಿಯಿತು.

ನ್ಯೂ ಆರ್ಲಿಯನ್ಸ್‌ನ ಆ 97 ಮತಪತ್ರಗಳು ಬಂದದ್ದು ಈ ಹೊತ್ತಿನಲ್ಲಿ. ಆರೋಪಿಯೊಬ್ಬನ ಹೆಸರಿನಿಂದ ಕರೆಯುವ 1941ರ ‘ಕ್ಲಾಸಿಕ್’ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದ ಹಾರ್ಲನ್ ಸ್ಟೋನ್, ರಾಜ್ಯದ ಕಾನೂನು ಪ್ರೈಮರಿಯನ್ನು ಆಯ್ಕೆಯ ಅವಿಭಾಜ್ಯ ಅಂಗವಾಗಿಸಿದ್ದಲ್ಲಿ, ಅಥವಾ ವಾಸ್ತವದಲ್ಲಿ ಪ್ರೈಮರಿಯೇ ಆಯ್ಕೆಯನ್ನು ನಿರ್ಧರಿಸುತ್ತಿದ್ದಲ್ಲಿ, ಅಲ್ಲಿ ಮತ ಹಾಕುವ, ಹಾಕಿದ ಮತ ಎಣಿಕೆಯಾಗುವ ಹಕ್ಕನ್ನು ಕಾಂಗ್ರೆಸ್ ರಕ್ಷಿಸಬಹುದು ಎಂದರು. ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಹಿಂದೆ ನ್ಯೂಬೆರಿ ಪರ ವಾದಿಸಿದ್ದ ವಕೀಲರಾದ್ದರಿಂದ ಪೀಠದಿಂದ ದೂರ ಉಳಿದರು. ಭಿನ್ನಮತದ ಮೂವರ ಪರ ಬರೆದ ಡಗ್ಲಸ್ ಕೂಡ ಕಾಂಗ್ರೆಸ್ಸಿಗೆ ಅಧಿಕಾರವಿದೆಯೆಂದೇ ಒಪ್ಪಿದ್ದರು. ಚಾಲ್ತಿಯಲ್ಲಿದ್ದ ಹಳೆಯ ಕಾನೂನು ಪ್ರೈಮರಿಯನ್ನು ಒಳಗೊಳ್ಳುವುದಿಲ್ಲ ಎಂಬುದಷ್ಟೇ ಅವರ ತಕರಾರು.

ಹಣಕ್ಕೂ ಮತಪತ್ರ ತಿದ್ದುವಿಕೆಗೂ ಸಂಬಂಧಿಸಿದಂತೆ ಕಾಣುತ್ತಿದ್ದ ಈ ಎಳೆ ಜನಾಂಗೀಯ ಹೊರಗಿಡುವಿಕೆಯ ಎಳೆಯೊಂದಿಗೆ ಕೂಡಿಕೊಂಡದ್ದು 1944ರಲ್ಲಿ. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಪರ ವಕೀಲ ಥರ್ಗುಡ್ ಮಾರ್ಷಲ್ ವಾದಿಸಿದರು. ಕ್ಲಾಸಿಕ್ ತೀರ್ಪನ್ನೇ ಆಧಾರವಾಗಿಟ್ಟು, ಜನಾಂಗದ ಕಾರಣಕ್ಕೆ ಮತದ ಹಕ್ಕು ಕಸಿಯಬಾರದೆನ್ನುವ 15ನೇ ತಿದ್ದುಪಡಿಯ ಅಡಿಯಲ್ಲಿ, ನ್ಯಾಯಾಲಯ 8–1ರಿಂದ 1935ರ ತನ್ನದೇ ಮಾತನ್ನು ಹಿಂತೆಗೆದುಕೊಂಡಿತು.

ಮುಂದಿನ ಹೆಜ್ಜೆಗಳು ಎರಡು ದಶಕಗಳ ಬಳಿಕ ಬಂದವು. ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಮತ ಹಾಕಲು ಕಟ್ಟಬೇಕಿದ್ದ ತೆರಿಗೆಯನ್ನು ತೆಗೆದ 1964ರ 24ನೇ ತಿದ್ದುಪಡಿಯಲ್ಲಿ ‘ಪ್ರೈಮರಿ’ ಎಂಬ ಪದವೇ ಕಾಣಿಸಿಕೊಂಡಿತು. ಮರುವರ್ಷದ ಮತದಾನ ಹಕ್ಕು ಕಾಯ್ದೆ ಪ್ರೈಮರಿಯನ್ನೂ ವ್ಯಾಪಿಸಿತು. 1971ರ ಕಾನೂನು ಅಲ್ಲಿನ ಹಣವನ್ನು ಮತ್ತೆ ಲೆಕ್ಕದೊಳಗೆ ತಂದಿತು. ಹಾಗೆಂದು ಪಕ್ಷಗಳು ಸರ್ಕಾರದ ಅಡಿಯಾಳಾಗಲಿಲ್ಲ. ಯಾವ ಪಕ್ಷದವರಾದರೂ ಯಾವ ಪಕ್ಷದ ಅಭ್ಯರ್ಥಿಯನ್ನಾದರೂ ಆರಿಸಬಹುದೆಂದ ಕ್ಯಾಲಿಫೋರ್ನಿಯಾದ ನಿಯಮವನ್ನು, ಸಂಘಟನೆಯ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು 2000ದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಅಧ್ಯಕ್ಷೀಯ ಪ್ರೈಮರಿಯ ಕಥೆಯೇ ಬೇರೆ. 4ನೇ ಸೆಕ್ಷನ್ ಹೇಳುವುದು ಶಾಸಕರ ಆಯ್ಕೆಯನ್ನು ಮಾತ್ರ. ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ನೇಮಕದ ರೀತಿಯನ್ನು ಎರಡನೇ ವಿಧಿ ರಾಜ್ಯಗಳಿಗೇ ಬಿಟ್ಟಿದೆ. ವುಡ್ರೊ ವಿಲ್ಸನ್ 1913ರಲ್ಲಿ ಇಡೀ ದೇಶಕ್ಕೆ ಅಧ್ಯಕ್ಷೀಯ ಪ್ರೈಮರಿಗಳ ಕಾನೂನು ತನ್ನಿರೆಂದು ಕೇಳಿದರು, ಅದು ಆಗಲಿಲ್ಲ. 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಮೊದಲ ಸರದಿಯನ್ನು ಸೌತ್ ಕ್ಯಾರೊಲಿನಾಕ್ಕೆ ಕೊಟ್ಟರೂ, ತಾನೇ ಮೊದಲು ಎಂದು ತನ್ನ ಕಾನೂನಿನಲ್ಲಿ ಬರೆದುಕೊಂಡಿರುವ ನ್ಯೂ ಹ್ಯಾಂಪ್‌ಶೈರ್ ಜನವರಿ 23ರಂದೇ ಮತದಾನ ನಡೆಸಿತು. ಮತಪತ್ರದಲ್ಲಿ ಹೆಸರೇ ಇಲ್ಲದ ಜೋ ಬೈಡನ್, ಮತದಾರರು ಕೈಯಲ್ಲಿ ಬರೆದ ಹೆಸರಿನಿಂದ ಅಲ್ಲಿ ಗೆದ್ದರು.