ಫುಲ್ ಸರ್ವಿಸ್ ಬಂಕಾ, ಸೆಲ್ಫ್ ಸರ್ವಿಸಾ? ಕಮ್ಮಿ ಕುಡಿಯೋ ಕಾರಿದ್ರೆ ಏನಾದ್ರೂ ಫರಕ್ ಇದ್ಯಾ?

ಓದುಗರ ಪ್ರಶ್ನೆ: ಅಮೆರಿಕಾದ ನ್ಯೂಜೆರ್ಸಿಯಲ್ಲಿ ಬಂಕ್‌ಗೆ ಹೋದ್ರೆ ಕಾರಿಂದ ಇಳಿಯೋ ಹಾಗೇ ಇಲ್ಲ, ಅವ್ರೇ ಬಂದು ಪೆಟ್ರೋಲ್ ಹಾಕ್ತಾರೆ, ಫುಲ್ ಸರ್ವಿಸ್ ಅಂತಾರೆ. ಪಕ್ಕದ ಪೆನ್ಸಿಲ್ವೇನಿಯಾಕ್ಕೆ ದಾಟಿದ್ರೆ ನಾವೇ ಹಾಕ್ಕೋಬೇಕು, ಸೆಲ್ಫ್ ಸರ್ವಿಸ್. ಯಾಕೆ ಹೀಗೆ? ಅವ್ರು ಹಾಕಿದ್ರೆ ನಮ್ಗೆ ಜಾಸ್ತಿ ದುಡ್ಡು ಬೀಳತ್ತಾ? ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡೋ ಹೈಬ್ರಿಡ್ ಕಾರು ತಗೊಂಡ್ರೆ ಈ ತಲೆನೋವು ಬಿಟ್ಟುಬಿಡಬಹುದಾ?

ಕೊನೇ ಪ್ರಶ್ನೆಗೆ ಉತ್ತರ ಮೊದ್ಲೇ ಹೇಳ್ಬಿಡ್ತೀನಿ: ಹೌದು, ಕಾರು ಕಮ್ಮಿ ಕುಡಿದಷ್ಟೂ ಪೆಟ್ರೋಲ್ ಯಾರು ಹಾಕ್ತಾರೆ ಅನ್ನೋದು ಜೇಬಿಗೆ ಲೆಕ್ಕಕ್ಕೇ ಬರಲ್ಲ. ಆದ್ರೆ ಫುಲ್ ಸರ್ವಿಸ್ ಹೋದಾಗ ಅದ್ರ ಜೊತೆ ಇನ್ನೊಂದು ಕೆಲಸವೂ ಹೋಯ್ತು, ಅದನ್ನ ಈಗ ನಾವು ಯಾರೂ ಮಾಡ್ತಿಲ್ಲ, ನಂಗೆ ಅದೇ ದೊಡ್ಡ ವಿಷ್ಯ ಅನ್ಸತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ನ್ಯೂಜೆರ್ಸಿ ಕಾನೂನು 1949ರದ್ದು. ಬೆಂಕಿ ಅಪಾಯ ಅಂತ ಕಾರಣ ಕೊಟ್ಟು, ಬಂಕ್ ಕೆಲಸಗಾರರನ್ನ ಬಿಟ್ಟು ಬೇರೆ ಯಾರೂ ಪೆಟ್ರೋಲ್ ಪೈಪಿನ ನಾಝಲ್ ಮುಟ್ಟಬಾರ್ದು ಅಂದ್ರು, ತಪ್ಪಿದ್ರೆ ಮೊದಲ್ನೇ ಸಲ 50ರಿಂದ 250 ಡಾಲರ್ ದಂಡ. ಆದ್ರೆ ಬೆಂಕಿ ಒಂದೇ ಕಾರಣ ಅಲ್ಲ, ಆ ಕಾಲದಲ್ಲಿ ಸೆಲ್ಫ್ ಸರ್ವಿಸ್ ಬಂಕ್‌ನವ್ರು ರೇಟ್ ಇಳಿಸಿ ಮಾರೋಕೆ ಶುರು ಮಾಡಿದ್ದಕ್ಕೆ ಉಳಿದ ಬಂಕ್ ಮಾಲೀಕರು ಗಲಾಟೆ ಮಾಡಿ ಇದನ್ನ ತರಿಸಿದ್ರು ಅನ್ನೋ ಮಾತು ಅಲ್ಲಿ ಇವತ್ತಿಗೂ ಇದೆ. ಆರೆಗಾನ್ 1951ರಲ್ಲಿ ಇದೇ ಥರ ಮಾಡ್ತು, ಹಳ್ಳಿ ಕಡೆ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ಬಂದು 2023ರಲ್ಲಿ ರಾಜ್ಯ ಪೂರ್ತಿ ಸೆಲ್ಫ್ ಸರ್ವಿಸ್‌ಗೆ ಅವಕಾಶ ಕೊಡ್ತು. ಹಂಗಾಗಿ ಪೂರ್ತಿ ನಿಷೇಧ ಉಳ್ಕೊಂಡಿರೋದು ನ್ಯೂಜೆರ್ಸಿ ಒಂದರಲ್ಲೇ.

ಇನ್ನು ದುಡ್ಡಿನ ವಿಷ್ಯ. ಒಂದೇ ಬಂಕಲ್ಲಿ ಎರಡೂ ಥರ ಪಂಪ್ ಇದ್ರೆ ಸಾಮಾನ್ಯವಾಗಿ ಫುಲ್ ಸರ್ವಿಸ್ ಕಡೆ ರೇಟ್ ಜಾಸ್ತಿನೇ, ಬೋರ್ಡ್ ನೋಡ್ದೆ ಆ ಸಾಲಿಗೆ ಕಾರ್ ನುಗ್ಗಿಸಬೇಡಿ. ಆರೆಗಾನ್‌ನಲ್ಲಿ ಮಾತ್ರ ಎರಡಕ್ಕೂ ಒಂದೇ ರೇಟ್ ಇರ್ಬೇಕು ಅಂತ ಕಾನೂನಲ್ಲೇ ಬರೆದಿದ್ದಾರೆ, ಒಳ್ಳೇ ಕೆಲಸ. ಆದ್ರೆ ರಾಜ್ಯ ರಾಜ್ಯಕ್ಕೆ ರೇಟ್ ಹೋಲಿಸಿ ನೋಡಿ, ಇದು ಫುಲ್ ಸರ್ವಿಸ್‌ದೇ ಖರ್ಚು ಅಂದ್ಕೊಳ್ಳೋದು ತಪ್ಪು, ಅಲ್ಲಿ ಆಟ ಆಡೋದು ಟ್ಯಾಕ್ಸ್. ನ್ಯೂಜೆರ್ಸಿಯಲ್ಲಿ 2016ರ ಅಕ್ಟೋಬರ್ ತನಕ ರಾಜ್ಯದ ಟ್ಯಾಕ್ಸ್ ಗ್ಯಾಲನ್‌ಗೆ (ಸುಮಾರು 3.8 ಲೀಟರ್) ಬರೀ 14.5 ಸೆಂಟ್ ಇತ್ತು, ಹಂಗಾಗಿ ಅವ್ರೇ ಹಾಕಿಕೊಟ್ರೂ ಪಕ್ಕದ ರಾಜ್ಯಗಳಿಗಿಂತ ಅಗ್ಗ ಇತ್ತು, ನವೆಂಬರ್ ಒಂದಕ್ಕೆ ಒಂದೇ ಏಟಿಗೆ 23 ಸೆಂಟ್ ಏರಿಸಿದ್ರು. ಹಾಕೋರು ಅವ್ರೇ, ಕಾನೂನೂ ಅದೇ, ರೇಟ್ ಮಾತ್ರ ಬದಲಾಯ್ತು.

ಸೆಲ್ಫ್ ಸರ್ವಿಸ್ ಲಾಸ್ ಏಂಜಲೀಸ್‌ನಲ್ಲಿ 1947ರಲ್ಲೇ ಬಂದಿತ್ತು, 1964ರಲ್ಲಿ ಕೊಲೊರಾಡೋದಲ್ಲಿ ಅಂಗಡಿ ಒಳಗೆ ಕೂತೇ ಪಂಪ್ ಆನ್ ಮಾಡೋ ವ್ಯವಸ್ಥೆನೂ ಬಂತು. ಆದ್ರೆ ದೇಶ ಪೂರ್ತಿ ಹಬ್ಬಿದ್ದು 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಸಿದ ಮೇಲೆ, ರೇಟ್ ಏರಿ ಜನ ಒಂದೊಂದು ಸೆಂಟ್ ಲೆಕ್ಕ ಹಾಕೋ ಹಾಗಾದಾಗ. ಅದೇ ಏಟಿಗೇ 1975ರಲ್ಲಿ ಕಾರ್ ಕಂಪನಿಗಳಿಗೆ ಮೈಲೇಜ್ ಕಾನೂನು ಬಂತು, 1978ರ ಮಾಡೆಲ್‌ಗಳಿಗೆ ಸರಾಸರಿ ಗ್ಯಾಲನ್‌ಗೆ 18 ಮೈಲಿ, 1985ಕ್ಕೆ 27.5 ಅಂತ ಗುರಿ ಇಟ್ರು. ಅಂದ್ರೆ ಸೆಲ್ಫ್ ಸರ್ವಿಸ್ ಬಂಕು, ಕಮ್ಮಿ ಕುಡಿಯೋ ಕಾರು ಎರಡೂ ಆ ಒಂದೇ ಬಿಕ್ಕಟ್ಟಿನ ಹೊಟ್ಟೇಲಿ ಬೆಳೆದ ಅಣ್ಣತಮ್ಮ ಇದ್ದಂಗೆ.

ಈಗ ಲೆಕ್ಕ. ವರ್ಷಕ್ಕೆ 12,000 ಮೈಲಿ ಓಡಿಸ್ತೀರಿ, ಫುಲ್ ಸರ್ವಿಸ್‌ಗೆ ಗ್ಯಾಲನ್‌ಗೆ 50 ಸೆಂಟ್ ಜಾಸ್ತಿ ಅಂತ ಇಟ್ಕೊಳ್ಳಿ. ಗ್ಯಾಲನ್‌ಗೆ 25 ಮೈಲಿ ಕೊಡೋ ಕಾರಿಗೆ 480 ಗ್ಯಾಲನ್ ಬೇಕು, 240 ಡಾಲರ್ ಎಕ್ಸ್‌ಟ್ರಾ. 50 ಕೊಡೋ ಹೈಬ್ರಿಡ್‌ಗೆ 240 ಗ್ಯಾಲನ್ ಸಾಕು, ಎಕ್ಸ್‌ಟ್ರಾ 120 ಡಾಲರ್, ಅಂದ್ರೆ ತಿಂಗಳಿಗೆ 10. ಆದ್ರೆ ಅದಕ್ಕಿಂತ ದೊಡ್ಡದು ಆ ಉಳಿದ 240 ಗ್ಯಾಲನ್‌ನ ದುಡ್ಡು, ಅದ್ರ ಮುಂದೆ ಸರ್ವಿಸ್ ಚಾರ್ಜ್ ಏನೂ ಅಲ್ಲ. ಇಲ್ಲೊಂದು ಕಡೆ ಬಹಳ ಜನ ಎಡವ್ತಾರೆ: 40 ಮೈಲಿ ಕೊಡೋ ಕಾರು ಕೊಟ್ಟು 50 ಕೊಡೋದು ತಗೊಂಡ್ರೆ ಉಳಿಯೋದು ವರ್ಷಕ್ಕೆ 60 ಗ್ಯಾಲನ್ ಅಷ್ಟೇ, 15 ಮೈಲಿ ಕೊಡೋ ಹಳೇ ಗಾಡಿ ಕೊಟ್ಟು 20 ಕೊಡೋದು ತಗೊಂಡ್ರೆ 200 ಗ್ಯಾಲನ್ ಉಳಿಯತ್ತೆ. ಹಾಗಾಗಿ ಮನೇಲಿ ಎರಡು ಗಾಡಿ ಇದ್ದು ಎರಡೂ ಒಂದೇ ಸಮ ಓಡ್ತಿದ್ರೆ, ಮೊದ್ಲು ಬದಲಾಯಿಸಬೇಕಾದ್ದು ಜಾಸ್ತಿ ಕುಡಿಯೋದನ್ನ. ಹೊಸ ಕಾರಿನ ಗಾಜಿಗೆ ಅಂಟಿಸಿರೋ ಸ್ಟಿಕರ್‌ನಲ್ಲಿ 100 ಮೈಲಿಗೆ ಎಷ್ಟು ಗ್ಯಾಲನ್ ಅಂತ ಸಣ್ಣಕ್ಷರದಲ್ಲಿ ಇರತ್ತೆ, ದಪ್ಪಕ್ಷರ ಬಿಟ್ಟು ಅದನ್ನ ನೋಡಿ.

ಸರಿ, ಹೋಗ್ಬಿಟ್ಟಿರೋ ಆ ಇನ್ನೊಂದು ಕೆಲಸ. ಹಳೇ ಫುಲ್ ಸರ್ವಿಸ್ ಅಂದ್ರೆ ಬರೀ ಪೆಟ್ರೋಲ್ ಅಲ್ಲ, ಗಾಜು ಒರೆಸೋದು, ಬಾನೆಟ್ ಎತ್ತಿ ಆಯಿಲ್ ನೋಡೋದು, ಟೈರ್‌ಗೆ ಗಾಳಿ ಚೆಕ್ ಮಾಡೋದು ಎಲ್ಲಾ ಇತ್ತು. ಈಗ ನ್ಯೂಜೆರ್ಸಿಯಲ್ಲೂ ಹೆಚ್ಚಿನ ಕಡೆ ಪೆಟ್ರೋಲ್ ಹಾಕಿ ಕಾರ್ಡ್ ವಾಪಸ್ ಕೊಟ್ರೆ ಮುಗೀತು. ಡ್ಯಾಶ್‌ಬೋರ್ಡ್‌ನಲ್ಲಿ ಟೈರ್ ಲೈಟ್ ಇದೆಯಲ್ಲ ಅಂತೀರಾ? ಅದು ಹತ್ತೋದು ಗಾಳಿ ಸುಮಾರು ಕಾಲು ಭಾಗ ಇಳಿದ ಮೇಲೆ, 35 ಪಿಎಸ್ಐ (ಗಾಳಿ ಒತ್ತಡದ ಅಳತೆ) ಇರ್ಬೇಕಾದ ಕಡೆ 26ರ ಹತ್ರ ಬಂದಾಗ. ನಾಲ್ಕೂ ಟೈರ್‌ನಲ್ಲಿ ಒಂದೊಂದು ಪಿಎಸ್ಐ ಇಳಿದ್ರೆ ಮೈಲೇಜ್ 0.2 ಪರ್ಸೆಂಟ್ ಹೋಗತ್ತೆ ಅನ್ನೋದು ಅಮೆರಿಕಾ ಸರ್ಕಾರದ ಲೆಕ್ಕ, ಸಣ್ಣದೇ, ಆದ್ರೆ ಟೈರ್ ಸವೆಯೋದು ಬೇರೆ, ಬ್ರೇಕ್ ಹಿಡಿತ ಬೇರೆ. ಡ್ರೈವರ್ ಬಾಗಿಲು ತೆಗೆದ್ರೆ ಚೌಕಟ್ಟಿನ ಹತ್ರ ಎಷ್ಟು ಗಾಳಿ ಬೇಕು ಅಂತ ಸ್ಟಿಕರ್ ಇರತ್ತೆ, ಟೈರ್ ತಣ್ಣಗಿರುವಾಗ ತಿಂಗಳಿಗೊಂದ್ಸಲ ನೋಡಿ ಪ್ಲೀಸ್, ಟೈರ್ ಮೇಲೆ ಬರೆದಿರೋ ನಂಬರ್‌ಗೆ ತುಂಬ್ಸಬೇಡಿ, ಅದು ಮ್ಯಾಕ್ಸಿಮಮ್.

ಮೊದಲ ಸಲ ನೀವೇ ಹಾಕ್ಕೊಳ್ಳೋರಾದ್ರೆ ನಾಝಲ್ ತುದೀಲಿ ಒಂದು ಚಿಕ್ಕ ತೂತು ಇರೋದು ಗಮನಿಸಿ. ಪೆಟ್ರೋಲ್ ಹರಿಯುವಾಗ ಅದ್ರಿಂದ ಗಾಳಿ ಎಳ್ಕೊಳ್ತಾ ಇರತ್ತೆ, ಟ್ಯಾಂಕ್ ತುಂಬಿ ಆ ತೂತು ಮುಳುಗಿದ ಕೂಡ್ಲೇ ಗಾಳಿ ಸಿಗದೆ ಒಳಗಿನ ಲಿವರ್ ಟಕ್ ಅಂತ ಬಿಡತ್ತೆ. ಅಲ್ಲಿಗೆ ನಿಲ್ಸಿ. ರೌಂಡ್ ಫಿಗರ್ ಮಾಡೋಣ ಅಂತ ಮತ್ತೆ ಒತ್ತಿದ್ರೆ ಪೆಟ್ರೋಲ್ ಆವಿ ಹಿಡಿಯೋ ಡಬ್ಬಿಗೆ ದ್ರವ ಹೋಗಿ ಅದು ಹಾಳಾಗತ್ತೆ, ರಿಪೇರಿ ಅಗ್ಗ ಅಲ್ಲ. ನಾಝಲ್ ಹಾಕಿ ಚಳಿ ಅಂತ ವಾಪಸ್ ಕಾರೊಳಗೆ ಕೂತು ಆಮೇಲೆ ಇಳಿದು ಮುಟ್ಟೋದೂ ಬೇಡ, ಸೀಟಿಗೆ ಉಜ್ಜಿ ಹುಟ್ಟೋ ಸ್ಟ್ಯಾಟಿಕ್ ಕಿಡಿಯಿಂದ ಬೆಂಕಿ ಹೊತ್ಕೊಂಡಿರೋದು ಉಂಟು. ಹಸಿರು ಹಿಡಿ ಅಂದ್ರೆ ಡೀಸೆಲ್ಲೇ ಅಂತ ನಂಬ್ಕೊಂಡೂ ಹೋಗ್ಬೇಡಿ, ಕೆಲವು ಕಂಪನಿಗಳಲ್ಲಿ ಪೆಟ್ರೋಲ್ ಹಿಡಿನೇ ಹಸಿರು, ಬಣ್ಣ ಬಿಟ್ಟು ಲೇಬಲ್ ಓದಿ.

ಮತ್ತೆ ಮನೇಲಿ ಅಂಗವೈಕಲ್ಯ ಇರೋರು ಕಾರ್ ಓಡಿಸ್ತಿದ್ರೆ ಅವ್ರಿಗೆ ಇದನ್ನ ಖಂಡಿತ ಹೇಳಿ: ಸೆಲ್ಫ್ ಸರ್ವಿಸ್ ಬಂಕಲ್ಲೂ ಹಾರನ್ ಮಾಡಿ ಅಥವಾ ಸನ್ನೆ ಮಾಡಿ ಸಹಾಯ ಕೇಳೋ ಹಕ್ಕು ಅಂಗವೈಕಲ್ಯ ಇರೋರ ಹಕ್ಕಿಗೆ ಅಂತ ಅಮೆರಿಕಾದಲ್ಲಿರೋ ಎಡಿಎ ಕಾನೂನಲ್ಲಿ ಇದೆ, ಅದಕ್ಕೆ ಒಂದು ಸೆಂಟೂ ಜಾಸ್ತಿ ತಗೊಳ್ಳೋ ಹಾಗಿಲ್ಲ. ಬಂಕಲ್ಲಿ ಒಬ್ಬರೇ ಕೆಲಸಗಾರರು ಇದ್ದಾಗ ಮಾತ್ರ ಅವ್ರು ಬರಲೇಬೇಕು ಅಂತಿಲ್ಲ, ಹಂಗಾಗಿ ರಾತ್ರಿ ಹೊತ್ತು ಹೋಗೋದಿದ್ರೆ ಮೊದ್ಲು ಒಂದು ಫೋನ್ ಮಾಡಿ ಕೇಳ್ಕೊಳ್ಳೋದು ಒಳ್ಳೇದು.