ಹಾಲು ಉಕ್ಕಿಸುವ ಮಾಯಾಶಕ್ತಿಯಿಂದ ಏನುಪಯೋಗ?

ಪ್ರಶ್ನೆ: ಕಥೆಯೊಂದನ್ನು ಬರೆಯುತ್ತಿದ್ದೇನೆ. ನಾಯಕಿ ದಿಟ್ಟಿಸಿ ನೋಡಿದರೆ ಹಾಲು ಉಕ್ಕುತ್ತದೆ. ಅವಳಿಗಿರುವ ಮಾಯಾಶಕ್ತಿ ಅಷ್ಟೇ. ತಮಾಷೆಗೆ ಅಂತ ಕೊಟ್ಟೆ, ಈಗ ಕಥೆ ಮುಂದೆ ಹೋಗುತ್ತಿಲ್ಲ. ಬೇರೆ ಶಕ್ತಿ ಕೊಡಲೇ?

ಉತ್ತರ: ಬೇಡ. ಬೆಟ್ಟ ಎತ್ತುವವಳಿಗೆ ಕಷ್ಟ ಹುಡುಕಿಕೊಡೋದು ಇನ್ನೂ ಕಷ್ಟ. ಇದೇ ಶಕ್ತಿಗೆ ಬಿಗಿಯಾದ ನಿಯಮ ಹಾಕಿ.

ಒಂದು ಸಣ್ಣ ತಿದ್ದುಪಡಿ ಮಾತ್ರ ಮಾಡಿಕೊಳ್ಳಿ. ನೋಡುತ್ತಾ ನಿಂತರೆ ಹಾಲು ಎಲ್ಲಿ ಉಕ್ಕುತ್ತದೆ? ಫೋನ್ ಎತ್ತಿಕೊಂಡ ಕ್ಷಣ ಉಕ್ಕುತ್ತದೆ, ಅಲ್ವಾ? ಹಾಗಾಗಿ ಅವಳು ಮುಖ ತಿರುಗಿಸಿದರೆ ಉಕ್ಕಲಿ. ತಾನು ಮಾಡಿದ್ದನ್ನು ತಾನೇ ನೋಡಲಾಗದು ಅನ್ನೋ ತೊಂದರೆಯೂ ಪುಕ್ಕಟೆ ಸಿಕ್ಕಿತು.

ಈಗ ಲೆಕ್ಕಕ್ಕೆ ಬನ್ನಿ. ಒಲೆಯೇ ಇಲ್ಲದೆ ಉಕ್ಕಿದರೆ ಶಾಖ ಎಲ್ಲಿಂದ ಬಂತು? 1 ಲೀಟರ್ ಹಾಲನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 65 ಕಿಲೋ ಕ್ಯಾಲರಿ ಬೇಕು. ಹೆಚ್ಚು ಕಡಿಮೆ ಒಂದು ಸಣ್ಣ ಬಾಳೆಹಣ್ಣು. ಅದನ್ನು ಅವಳ ಮೈಯಿಂದಲೇ ಕೀಳಿ. ಮನೆಯ ಪಾತ್ರೆಗಾದರೆ ಸ್ವಲ್ಪ ಹಸಿವು. ಮದುವೆ ಮನೆಯ 100 ಲೀಟರಿಗೆ ಮೂರು ದಿನದ ಊಟವೇ ಖಾಲಿ!

ದೌರ್ಬಲ್ಯವೂ ಅಡುಗೆಮನೆಯಲ್ಲೇ ಇದೆ. ನೀರಿನ ಗುಳ್ಳೆ ಮೇಲೆ ಬಂದು ಒಡೆದುಹೋಗುತ್ತದೆ. ಹಾಲಿನ ಪ್ರೋಟೀನು, ಕೊಬ್ಬು ಕೆನೆ ಕಟ್ಟುತ್ತವೆ. ಅದರಡಿ ಸಿಕ್ಕ ಆವಿ ನೊರೆಯಾಗಿ, ಕೆನೆಯನ್ನೂ ಹೊತ್ತುಕೊಂಡು ಮೇಲೇರುತ್ತದೆ. ಪಾತ್ರೆಯ ಮೇಲೆ ಮರದ ಸೌಟು ಅಡ್ಡ ಇಟ್ಟರೆ ಆ ನೊರೆ ತಾಗಿ ಒಡೆಯುತ್ತದೆ. ಅಂದರೆ ಅತ್ತೆಯ ಸೌಟಿನ ಮುಂದೆ ಸೊಸೆಯ ಮಾಯೆ ನಡೆಯದು.

ಇಂಥ ಶಕ್ತಿ ಯಾರಿಗೆ ಬೇಕು? ಗೃಹಪ್ರವೇಶದವರಿಗೆ. ಅಲ್ಲಿ ಹಾಲು ಉಕ್ಕಲೇಬೇಕು, ಅದೂ ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದು ಅಂತ ಹಲವರ ನಂಬಿಕೆ. ಇವಳಿಗೆ ಉಕ್ಕಿಸೋದು ಗೊತ್ತು, ದಿಕ್ಕು ಕೈಯಲ್ಲಿಲ್ಲ. ಪಾತ್ರೆ ವಾಲಿದ ಕಡೆಗೇ ಹಾಲು ಹರಿಯೋದು. ಆದ್ದರಿಂದ ಪಾತ್ರೆಯಡಿ ನಾಣ್ಯ ಸಿಕ್ಕಿಸುವ ತಮ್ಮನೊಬ್ಬ ಬೇಕು. ಸಿಕ್ಕಿಬೀಳುವುದು ಯಾವತ್ತಿದ್ದರೂ ಇಂಥ ತಮ್ಮನಿಂದಲೇ.

ಕೊನೆಗೆ, ನಿಯಮದ ಮಾತನ್ನೇ ಹಿಡಿದು ಎಳೆದಾಡಿ. ನಮ್ಮ ಪುರಾಣಗಳಿಗೆ ಇದು ಹಳೆಯ ಆಟ. ಹಗಲೂ ಬೇಡ, ರಾತ್ರಿಯೂ ಬೇಡ ಅಂತ ವರ ಕೇಳಿದ ಹಿರಣ್ಯಕಶಿಪುವಿಗಾಗಿ ನರಸಿಂಹ ಸಂಜೆಗೆ ಬಂದ. ನಿಮ್ಮ ನಿಯಮದಲ್ಲಿ 'ಹಾಲು' ಅಂತಷ್ಟೇ ಇದೆ. ಹಸುವಿನದು ಅಂತ ಹೇಳಿಲ್ಲ. ಕನ್ನಡದಲ್ಲಿ ತೆಂಗಿನಕಾಯಿಗೂ ಹಾಲಿದೆ, ಕಳ್ಳಿಗೂ ಇದೆ.

ರಬ್ಬರಿಗೂ ಇದೆ. ಖಳನಾಯಕನಿಗೆ ಸುಳ್ಯದ ಕಡೆ ಒಂದು ರಬ್ಬರ್ ತೋಟ ಕೊಡಿ. ತೊಗಟೆ ಗೀರಿ ಹಾಲು ಇಳಿಸುವ ಬೆಳಗಿನ ಟ್ಯಾಪಿಂಗ್ ಮುಗಿದಿದೆ, ಮರಮರಕ್ಕೂ ಕಟ್ಟಿದ ಗೆರಟೆಗಳಲ್ಲಿ ಬಿಳಿ ಹಾಲು ತುಂಬಿದೆ. ಬೇಲಿಯಾಚೆ ನಿಂತ ನಾಯಕಿ ಒಂದು ಗೊನೆ ಬಾಳೆಹಣ್ಣು ತಿಂದು ಮುಗಿಸಿ, ನಿಧಾನಕ್ಕೆ ಮುಖ ತಿರುಗಿಸುತ್ತಾಳೆ.